ಎರಡು ಬೆರಳಿನ ಸುಣ್ಣದ ಗೆರೆ

ನಾನು ಕೂತ ಕಡೆ ಕೂರುವ ಜಾತಿಯಲ್ಲ. ಶ್ರೀರಂಗಪಟ್ಟಣದ ನಮ್ಮ ಮನೆಯಿಂದ ಪಾಂಡವಪುರದ ಆಫೀಸು ತಲುಪುವಷ್ಟರಲ್ಲಿ ಬಸ್ಸಿನಲ್ಲಿ ಎರಡು ಸಲ ಸೀಟು ಬದಲಾಯಿಸಿ, ಕಂಡಕ್ಟರ್ ಕೆಮ್ಮುವ ಹಾಗೇ ಕೆಮ್ಮಿ, ಅವರಿಂದಲೇ ಬೈಸಿಕೊಂಡು ಇಳಿಯುತ್ತೇನೆ. ಇಂಥವನನ್ನು ಹಿಡಿದು, ಒಂದು ಚಿತ್ರ ತೆರೆಯುವುದಕ್ಕೆ ಅರ್ಧ ಗಂಟೆ ತಿನ್ನುವ ಕಂಪ್ಯೂಟರಿನ ಮುಂದೆ ಕೂರಿಸಿದ್ದರು.

ಚಿತ್ರ ಅಂದರೆ ಮದುವೆ ಆಲ್ಬಮ್ಮಿನದಲ್ಲ. ಹಳ್ಳಿಯ ಮೇಲೆ ಡ್ರೋನ್ ಹಾರಿಸಿ, ಅದು ತೆಗೆದ ನೂರಾರು ಫೋಟೋಗಳನ್ನು ಒಂದಕ್ಕೊಂದು ಹೊಲಿದು ಮಾಡಿದ ಒಂದೇ ಚಿತ್ರ. ಮನೆ, ಕೊಟ್ಟಿಗೆ, ತಿಪ್ಪೆ, ತಿಪ್ಪೆ ಮೇಲಿನ ಕೋಳಿ, ಎಲ್ಲ ಅದರಲ್ಲಿ ಕಾಣುತ್ತವೆ. ಡ್ರೋನ್ ಹಾರುವ ಮುಂಚೆ ಊರಿನವರು ತಮ್ಮ ತಮ್ಮ ಜಾಗದ ಸುತ್ತ ಸುಣ್ಣದ ಪುಡಿಯಲ್ಲಿ ಗೆರೆ ಹಾಕಬೇಕು, ಅಕ್ಕಪಕ್ಕದವರು ನಿಂತು ಹೂಂ ಅನ್ನಬೇಕು. ಮೇಲಿನಿಂದ ಕಾಣುವ ಆ ಬಿಳಿ ಗೆರೆಯ ಮೇಲೆ ನಾನು ಮೌಸ್ ಎಳೆದರೆ ನಕ್ಷೆ. ಮಳೆಗೆ ಸುಣ್ಣ ತೊಳೆದು ಹೋದಮೇಲೆ ಗೆರೆಗೆ ಉಳಿಯುವ ಮನೆ ಆ ಫೈಲು ಒಂದೇ.

ಫೈಲು ತೆರೆದರೆ ಸಾಕು, ಕಂಪ್ಯೂಟರಿನ ಫ್ಯಾನು ಊಳಿಡುತ್ತಿತ್ತು. ಆ ಊಳನ್ನು ನಾನು ಎಷ್ಟು ಚೆನ್ನಾಗಿ ಮಾಡುತ್ತಿದ್ದೆನೆಂದರೆ, ಒಂದು ದಿನ ನಮ್ಮ ಸಾಹೇಬರು ಊಟದ ಕೈಯಲ್ಲೇ ಓಡಿ ಬಂದು ಪ್ಲಗ್ ಕಿತ್ತರು. ಕಂಪ್ಯೂಟರು ಆರಿತು, ಊಳು ಮಾತ್ರ ನಿಲ್ಲಲಿಲ್ಲ. ಆಮೇಲೆ ನಡೆದದ್ದನ್ನು ಬರೆಯುವುದಿಲ್ಲ.

ಕೆ.ಆರ್. ಪೇಟೆ ತಾಲೂಕಿನ ಒಂದು ಊರಿನ ಫೈಲು ಮೂರು ದಿನ ನನ್ನ ಜೀವ ಹಿಂಡಿತು. ಒಂಚೂರು ಪಕ್ಕಕ್ಕೆ ಸರಿಸಿದರೆ ಅರ್ಧ ಊರು ಬರುತ್ತಿತ್ತು, ಮಿಕ್ಕರ್ಧ ಬಿಳಿ ಹಾಳೆ. ನಾನು ಎದ್ದು, ಕಿಟಕಿಗೆ ಹೋಗಿ, ಬಂದು, ಮತ್ತೆ ಎದ್ದು, ನಾಲ್ಕನೇ ದಿನ ತಾಳ್ಮೆ ತೀರಿ, ಅದನ್ನೇ ತಿರುಗಿ ಹಿಂಡಿದೆ. ಚಿತ್ರದ ಉದ್ದ ಅಗಲವನ್ನು ಕಾಲು ಭಾಗಕ್ಕೆ ಇಳಿಸಿ, ಆಲೆಮನೆಯ ಗಾಣಕ್ಕೆ ಕಬ್ಬು ಕೊಟ್ಟ ಹಾಗೆ ಒತ್ತಿದೆ. ಫೈಲು ತಟ್ಟನೆ ತೆರೆಯಿತು. ರಸ ಉಳಿಯಿತು, ಸಿಪ್ಪೆ ಹೋಯಿತು ಅಂದುಕೊಂಡು, ಜಾಗ ಖಾಲಿಯಾಗಲಿ ಅಂತ ಮೂಲ ಫೈಲನ್ನೂ ಅಳಿಸಿಬಿಟ್ಟೆ. ನಕ್ಷೆ ಎರಡೇ ದಿನದಲ್ಲಿ ಮುಗಿಯಿತು. ಸಾಹೇಬರು ಬೆನ್ನು ತಟ್ಟಿದರು. ಅವರು ಬೆನ್ನು ತಟ್ಟುವ ರೀತಿಯನ್ನೂ ನಾನು ಕಲಿತೆ.

ನಕ್ಷೆ ಆ ಊರಿನ ಪಂಚಾಯ್ತಿ ಗೋಡೆಗೆ ಅಂಟಿದ ಮೇಲೆ ಒಬ್ಬ ಅಜ್ಜಿಯ ಫೋನು ಶುರುವಾಯಿತು. ದಿನಾ ಒಂದೇ ಮಾತು. ಒಂದು ಮಧ್ಯಾಹ್ನ ನಾನು ತಲೆ ಮೇಲೆ ಟವೆಲ್ಲು ಹೊದ್ದು, ಕುರ್ಚಿಯಲ್ಲಿ ಗಿರಗಿರ ತಿರುಗುತ್ತಾ ಅವಳ ದನಿ ತೆಗೆದೆ: "ಅಲೋ, ನನ್ ಗೆರೆ ಎಲ್ಲೋಯ್ತಪ್ಪಾ? ನೀವೇನ್ ತಿಂದ್ಬುಟ್ರಾ?"

ಆಫೀಸಿನಲ್ಲಿ ಯಾರೂ ನಗಲಿಲ್ಲ. ಕುರ್ಚಿ ಒಂದು ಸುತ್ತು ಬಂದಾಗ ನೋಡಿದರೆ ಬಾಗಿಲಲ್ಲಿ ಅಜ್ಜಿ ನಿಂತಿದ್ದಾಳೆ.

"ಚೆಂದಾಗ್ ಮಾಡ್ತೀಯ ಕಣ್ಲಾ," ಅಂದಳು. "ನನ್ ದನಿ ಇನ್ನೂ ವಸಿ ಗೊಗ್ಗರು. ಆಗ್ಲಿ, ಈಗ ಗೆರೆ ತೋರ್ಸು."

ಅವಳ ಮನೆಗೂ ಮೈದುನನ ಮನೆಗೂ ನಡುವೆ ಒಂದು ಓಣಿ. ಅದರ ಕೊನೆಯಲ್ಲಿ ಅವಳ ಕೊಟ್ಟಿಗೆ. "ಗೆರೆ ಆಕ್ದಾಗ ನನ್ ಮೈದ ಅಲ್ಲೇ ನಿಂತಿದ್ದ, ಊಂ ಅಂದ. ಈಗ ನಿಮ್ ನಕ್ಸೇಲಿ ಓಣಿ ಅವನ ಪಾಲಾಗ್ಯದೆ. ನೀನು ಗೆರೇನೆ ಆಕ್ನಿಲ್ಲ ಅಂತಾನೆ. ನಾಳೆ ಮೂರು ಗಂಟ್ಗೆ ಪಂಚಾಯ್ತೀಲಿ ನಕ್ಸೆ ತಕರಾರಿನ ಸಭೆ. ಅಲ್ಲಿ ಆಯ್ತು ಅಂದ್ರೆ ಆಯ್ತು. ಆಮೇಕೆ ಎಮ್ಮೇನ ಏನ್ ಸೂರ್ ಮೇಲಿಂದ ಇಳಿಸ್ಲಾ?"

ಚಿತ್ರ ತೆರೆದೆ. ಎಲ್ಲರ ಗೆರೆಯೂ ಇದೆ, ಅವಳದಿಲ್ಲ. ಓಣಿಯ ಜಾಗದಲ್ಲಿ ಕಲಸಿದ ಹಿಟ್ಟಿನಂಥ ಬೂದು ಬಣ್ಣ, ಕೊಟ್ಟಿಗೆ ಮುಂದೆ ಮಸುಕಾದ ಒಂದು ಬಿಳಿ ಚುಕ್ಕೆ. ಅದನ್ನು ನಾನು ಕೋಳಿ ಅಂದುಕೊಂಡಿದ್ದೆ. ಗೆರೆ ಕಾಣದ್ದಕ್ಕೆ ಅವಳ ಮನೆ ಗೋಡೆಗೇ ಗಡಿ ಎಳೆದುಬಿಟ್ಟಿದ್ದೆ.

"ಅಜ್ಜಿ, ಗೆರೆ ಎಂಗೆ ಆಕುದ್ರಿ?"

"ಎಂಗೆ ಅಂದ್ರೆ? ಬೆಳ್ಳಲ್ಲಿ." ಹೆಬ್ಬೆರಳು ತೋರುಬೆರಳು ಸೇರಿಸಿ ಗಾಳಿಯಲ್ಲಿ ಎಳೆದು ತೋರಿಸಿದಳು. "ಎಲ್ರೂ ಬಾಂಡ್ಲೀಲಿ ಸುರುದ್ರು. ನಾನ್ ರಂಗೋಲೆ ಬುಟ್ಟಂಗೆ ಬುಟ್ಟೆ. ಸುಣ್ಣ ಉಳೀತು, ಅದ್ಕೇ ಕೊನೇಲಿ ಮೊರದಗ್ಲ ಒಂದ್ ಊವನೂ ಆಕ್ದೆ."

ಬಾಂಡಲಿಯ ಗೆರೆಗಳು ನನ್ನ ಗಾಣದಲ್ಲಿ ಉಳಿದುಕೊಂಡಿದ್ದವು. ಎರಡು ಬೆರಳಿನ ಗೆರೆ ಸಿಪ್ಪೆಯ ಜೊತೆ ಹೋಗಿತ್ತು. ತಲೆ ಮೇಲಿನ ಟವೆಲ್ಲು ಎಳೆದು, ತಲೆ ತಗ್ಗಿಸಿ ಕಾಲು ಅಲ್ಲಾಡಿಸತೊಡಗಿದೆ.

"ಅಳಿಸಿದ್ದು ನಾನೇ ಅಜ್ಜಿ," ಅಂದೆ.

"ಯಾಕ್ಲಾ?"

"ಬೇಗ ಆಗ್ಲಿ ಅಂತ."

"ಬೇಗ ಮುಗ್ಸಿ ಏನ್ ಮಾಡ್ದೆ?"

ಉಳಿದ ಹೊತ್ತಿನಲ್ಲಿ ನಿನ್ನ ದನಿ ಕಲಿತೆ ಅಂತ ಹೇಗೆ ಹೇಳುವುದು? ನಾಳೆ ಮೂರು ಗಂಟೆಗೆ ಗೆರೆ ತರುತ್ತೇನೆ ಅಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ. ನಾನೂ ನಂಬಿರಲಿಲ್ಲ.

ನಮ್ಮ ಮೂಲ ಫೈಲುಗಳ ಇನ್ನೊಂದು ಪ್ರತಿ ನಾಗಮಂಗಲದ ಆಫೀಸಿನ ಹಳೇ ಡಿಸ್ಕಿನಲ್ಲಿ ಇರುತ್ತಿತ್ತು. ಬೆಳಿಗ್ಗೆ ಬೈಕ್ ಹತ್ತಿ ಹೋದೆ. ಡಿಸ್ಕು ಹುಡುಕಿ, ಸಿಕ್ಕಿಸಿ, ಕಾಪಿ ಒತ್ತುವಷ್ಟರಲ್ಲಿ ಹನ್ನೆರಡೂವರೆ. ಇನ್ನು ನಾಲ್ಕು ಗಂಟೆ, ಅಂತ ತೋರಿಸಿತು. ಹೊರಗೆ ಹೋಗಿ ಟೀ ಕುಡಿದು ಬಂದೆ. ಐದು ಗಂಟೆ ಅಂತ ತೋರಿಸಿತು. ಬಸ್ ಸ್ಟ್ಯಾಂಡಿನ ತನಕ ನಡೆದೆ, ತೆಂಗಿನಕಾಯಿ ಲಾರಿಯೊಂದರ ಹಿಂದೆ ಸುಮ್ಮನೆ ನಿಂತೆ, ವಾಪಸ್ ಓಡಿದೆ. ಪರದೆಯ ಮೇಲಿನ ಹಸಿರು ಪಟ್ಟಿ ಒಂದು ಉಗುರಿನಷ್ಟೂ ಬೆಳೆದಿರಲಿಲ್ಲ. ಗಂಟೆ ಒಂದೂವರೆ.

ಅಲ್ಲಿನ ಫೈಲುಗಳನ್ನು ನೋಡಿಕೊಳ್ಳುವ ಅಕ್ಕ ಇಷ್ಟು ಹೊತ್ತು ನನ್ನ ಓಡಾಟ ನೋಡುತ್ತಿದ್ದವರು, "ಲೋ, ಕೂತ್ಕೊಳೋ, ನನಗೆ ತಲೆ ಸುತ್ತುತ್ತೆ. ನಿನಗೆ ಬೇಕಾಗಿರೋದಾದ್ರೂ ಏನು?" ಅಂದರು.

"ಒಂದು ಓಣಿ ಅಕ್ಕ."

"ಒಂದು ಎಳನೀರು ಕುಡಿಯೋಕೆ ಇಡೀ ತೋಟಾನೇ ಲಾರಿಗೆ ಹೇರ್ತಾ ಇದೀಯಲ್ಲೋ!" ಕಾಪಿ ನಿಲ್ಲಿಸಿಯೇಬಿಟ್ಟರು. "ಓಣಿ ಎಲ್ಲಿದೆ ಹೇಳು."

ನನ್ನ ಲ್ಯಾಪ್‌ಟಾಪಿನಲ್ಲಿ ಆ ಕಲಸಿದ ಹಿಟ್ಟಿನ ಚಿತ್ರ ಇತ್ತು. ಅದರಲ್ಲೇ ಅಜ್ಜಿಯ ಹೆಂಚಿನ ಮನೆ ಹುಡುಕಿ, ಓಣಿಯ ನಾಲ್ಕು ಮೂಲೆಗಳ ಅಕ್ಷಾಂಶ ರೇಖಾಂಶ ಓದಿ ಹೇಳಿದೆ. ಅಕ್ಕ ಒಂದು ಸಾಲು ಟೈಪ್ ಮಾಡಿ, ಆ ದೊಡ್ಡ ಫೈಲಿನಿಂದ ಅಷ್ಟು ತುಂಡನ್ನು ಮಾತ್ರ ಕತ್ತರಿಸಲು ಕೊಟ್ಟರು.

"ನಿನ್ನ ಸಣ್ಣ ಚಿತ್ರವೂ ದಂಡ ಅಲ್ಲ ಕಣೋ," ಅಂದರು. "ಎಲ್ಲಿ ಅಂತ ಹುಡುಕೋಕೆ ಸಣ್ಣದು, ಏನು ಅಂತ ನೋಡೋಕೆ ದೊಡ್ಡದು. ಎರಡನ್ನೂ ಒಂದೇ ಫೈಲಲ್ಲಿ ಇಡಬಹುದು. ದೊಡ್ಡದನ್ನ ಚೌಕ ಚೌಕ ಮಾಡಿ ಇಟ್ರೆ ಬೇಕಾದ ಚೌಕ ಮಾತ್ರ ತೆರ್ಕೊಳುತ್ತೆ. ಹಿಂಡಬೇಕಾ, ಏನೂ ಸೋರದ ಹಾಗೆ ಹಿಂಡೋ ಬಗೆಯೂ ಇದೆ. ನೀನು ಕೇಳಲಿಲ್ಲ, ಅಷ್ಟೆ."

"ಯಾರನ್ನ ಕೇಳೋದು ಅಕ್ಕ?"

"ನನ್ನನ್ನ. ನನ್ನ ಹಾಗೆ ಮಾತಾಡೋಕೆ ಬರುತ್ತಲ್ಲ, ನನಗೆ ಫೋನ್ ಮಾಡೋಕೆ ಬರಲ್ವಾ?"

ಹಾಗಾದರೆ ನಾನು ಅವರ ದನಿ ತೆಗೆಯುವ ಸುದ್ದಿ ನಾಗಮಂಗಲಕ್ಕೂ ಮುಟ್ಟಿದೆ. ಏಳೆಂಟು ನಿಮಿಷಕ್ಕೆ ತುಂಡು ಬಂತು. ದೊಡ್ಡದು ಮಾಡಿ ನೋಡಿದೆ. ನುಗ್ಗೆ ಮರದ ಹತ್ತಿರ ಬಾಗಿ, ಮತ್ತೆ ನೆಟ್ಟಗಾಗಿ, ಕೂದಲೆಳೆಯಂಥ ಒಂದು ಬಿಳಿ ಗೆರೆ. ಅದರ ಕೊನೆಯಲ್ಲಿ ನನ್ನ ಕೋಳಿಗೆ ಎಂಟು ಎಸಳು.

ಕೆ.ಆರ್. ಪೇಟೆ ದಾಟಿ ಆ ಊರು ಮುಟ್ಟಿದಾಗ ಮೂರು ದಾಟಿತ್ತು, ಸಭೆ ಶುರುವಾಗಿತ್ತು. ಧೂಳು ಮುಖದಲ್ಲೇ ಲ್ಯಾಪ್‌ಟಾಪನ್ನು ಅಧಿಕಾರಿಯ ಮೇಜಿನ ಮೇಲಿಟ್ಟೆ. ಅಜ್ಜಿಯ ಮೈದುನ ಬಗ್ಗಿ ನೋಡಿದ. "ಇದ್ಯಾವ್ ಗೆರೆನಪ್ಪಾ? ದಾರ ಬಿದ್ದಿರ್ಬೇಕು," ಅಂದ. ಜನ ಗೊಳ್ಳೆಂದರು. ನಾನು ಚಿತ್ರವನ್ನು ಕೆಳಕ್ಕೆ ಸರಿಸಿ ಹೂವಿನ ಮೇಲೆ ನಿಲ್ಲಿಸಿದೆ.

"ಇದೂ ದಾರವೇನ್ಲಾ?" ಅಂದಳು ಅಜ್ಜಿ.

ಅವನು ಮತ್ತೆ ಬಗ್ಗಿದ. ಅಜ್ಜಿ ತನ್ನ ಬಾಗಿಲಲ್ಲಿ ದಿನಾ ಬೆಳಿಗ್ಗೆ ಬಿಡುವ ಅದೇ ಹೂವನ್ನು ದಾಟಿಕೊಂಡೇ ಓಡಾಡಿದವನು. "ಅತ್ಗೆ ಕೈಯೇ ಕಣಪ್ಪಾ," ಅಂದ ಮೆಲ್ಲಗೆ. "ಬರ್ಕೊಳ್ಳಿ."

ಅಧಿಕಾರಿ ನಕ್ಷೆಯ ಹಾಳೆ ಎಳೆದುಕೊಂಡು, ಪೆನ್ನಿನ ಮುಚ್ಚಳ ಹುಡುಕಿ, ಕನ್ನಡಕ ಒರೆಸಿ, ನಿಧಾನವಾಗಿ ಬರೆಯತೊಡಗಿದರು. ನನ್ನ ಕೆಲಸ ಮುಗಿದಿತ್ತು. ಲ್ಯಾಪ್‌ಟಾಪ್ ಮುಚ್ಚಿ ಎದ್ದೆ.

"ಎಲ್ಗ್ಲಾ? ಸೈನ್ ಆಗಿಲ್ಲ," ಅಂದಳು ಅಜ್ಜಿ. ಆಮೇಲೆ ತಲೆ ತಗ್ಗಿಸಿ, ಕಾಲು ಅಲ್ಲಾಡಿಸುತ್ತಾ, ಥೇಟ್ ನನ್ನ ದನಿಯಲ್ಲಿ: "ಬೇಗ ಆಗ್ಲಿ ಅಂತ."

ಇಡೀ ಪಂಚಾಯ್ತಿ ನಕ್ಕಿತು. ಮೈದುನನೂ ನಕ್ಕ. ನಾನು ಲ್ಯಾಪ್‌ಟಾಪ್ ಮತ್ತೆ ತೆರೆದು ಹೂವನ್ನು ಅವಳ ಕಡೆಗೆ ತಿರುಗಿಸಿಟ್ಟು, ಅಧಿಕಾರಿ ಸೈನ್ ಹಾಕುವವರೆಗೂ ಕೂತೇ ಇದ್ದೆ.