ಹೊಸ ಲ್ಯಾಪ್‌ಟಾಪಿಗೆ ಕೇಳಿಸದ ದನಿ

ಗಂಟಲಿನ ಆಪರೇಷನ್ ಆಗುವ ಮುಂಚೆ ನನ್ನ ಹೆಂಡತಿ, ಕಣ್ಣು ಕಾಣದ ಕಾಲೇಜು ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುತ್ತಿದ್ದಳು. ಲಕ್ಷ್ಮೀಪುರಂನ ನಮ್ಮ ಮನೆಯ ನಡುಕೋಣೆಯ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತ ಓದುವಳು. ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಆ ಪುಟ ಮತ್ತೆ ಮೊದಲಿಂದ. ಆಪರೇಷನ್ ಆದಮೇಲೆ ಅವಳಿಗೆ ಉಳಿದದ್ದು ಪಿಸುಮಾತು ಮಾತ್ರ. ಓದಿದ್ದೆಲ್ಲ ಹಳೆಯ ಲ್ಯಾಪ್‌ಟಾಪಿನಲ್ಲಿತ್ತು, ನಮ್ಮಲ್ಲಿ ಬೇರೆ ಪ್ರತಿ ಇರಲಿಲ್ಲ.

ಹೋದ ವರ್ಷ ಅದು ಕೆಟ್ಟಿತು. ಅಗ್ರಹಾರದ ರಿಪೇರಿ ಅಂಗಡಿಯವರು ಒಳಗಿನ ಡ್ರೈವ್ ಚೆನ್ನಾಗಿದೆಯೆಂದು ಬಿಚ್ಚಿಕೊಟ್ಟರು. ಅದು ಹೈಬ್ರಿಡ್ ಡ್ರೈವ್: ತಿರುಗುವ ದೊಡ್ಡ ಡಿಸ್ಕು, ಅದರ ಜೊತೆಗೆ ವೇಗದ ಸಣ್ಣ ಮೆಮೊರಿ ಚಿಪ್ಪು. ಎರಡನ್ನೂ ಒಂದಾಗಿ ನಡೆಸುವ ಸಾಫ್ಟ್‌ವೇರ್ ಹಳೆಯ ಆಪರೇಟಿಂಗ್ ಸಿಸ್ಟಮ್ಮಿಗೆ ಮಾತ್ರ ಇತ್ತು. ನಾವು ಕೊಂಡ ಹೊಸ ಲ್ಯಾಪ್‌ಟಾಪಿನಲ್ಲಿದ್ದದ್ದು ಬೇರೆ ಸಿಸ್ಟಮ್. ಇದೆಲ್ಲ ನಮಗೆ ತಿಳಿದದ್ದು ಆಮೇಲೆ.

ಕೇಬಲ್ ಸಿಕ್ಕಿಸಿ ಡ್ರೈವನ್ನು ಹೊಸ ಲ್ಯಾಪ್‌ಟಾಪಿಗೆ ಜೋಡಿಸಿದಾಗ ಪರದೆಯ ಮೇಲೆ ಒಂದರ ಬದಲು ಎರಡು ಡಿಸ್ಕು ಕಾಣಿಸಿದವು. ಡಿಸ್ಕ್ ಕೆಟ್ಟಿದೆ, ಸರಿಪಡಿಸಲೇ ಎಂದು ಲ್ಯಾಪ್‌ಟಾಪ್ ಕೇಳಿತು. ಅವಳು ‘ಹೌದು’ ಒತ್ತಿದಳು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಒತ್ತುತ್ತಿದ್ದೆ.

ಏನೂ ತೆರೆಯದಿದ್ದಾಗ ಮತ್ತೆ ಅಂಗಡಿಗೆ ಹೋದೆವು. ಅಂಗಡಿಯವರು ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ಡ್ರೈವ್ ಜೋಡಿಸಿ, ಆ ಸಾಫ್ಟ್‌ವೇರ್ ಹುಡುಕಿ ಹಾಕಿದರು. ಪಾಠಗಳ ಹೆಸರುಗಳೆಲ್ಲ ಸಾಲಾಗಿ ಮೂಡಿದವು. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಮೊದಲನೆಯದನ್ನು ಒತ್ತಿದರೆ ಬರೀ ಕರಕರ ಸದ್ದು.

“ಹೆಸರಷ್ಟೇ ಚಿಪ್ಪಲ್ಲಿ ಉಳ್ಕೊಂಡವೆ ಕಣಮ್ಮ,” ಎಂದರು ಅವರು. “ಒಳಗಿಂದನ್ನ ಹೊಸ ಸಿಸ್ಟಮ್ಮು ಸರಿಮಾಡಕ್ಕೋಗಿ ಕಲಸಿಬುಟ್ಟದೆ. ಎಲ್ಲಿಗೆ ಕಳಿಸಿದ್ರೂ ಇಷ್ಟೇಯ.”

“ಇನ್ನೊಂದು ತೆಗೀರಿ,” ಎಂದು ಪಿಸುಗುಟ್ಟಿದಳು. ಅವರು ತೆಗೆದರು. ಇನ್ನೊಂದು, ಮತ್ತೊಂದು. ಹಿಂದೆ ಗಿರಾಕಿಗಳು ನಿಂತಿದ್ದರು.

“ಸಾಕು, ಬುಡು,” ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಕೊನೆಯ ಹೆಸರಿನವರೆಗೂ ಒತ್ತಿಸಿದಳು.

ಪರೀಕ್ಷೆ ಹತ್ತಿರ ಬಂದಾಗ ಒಬ್ಬಳು ವಿದ್ಯಾರ್ಥಿನಿ ಫೋನ್ ಮಾಡಿ ಚರಿತ್ರೆಯ ಪಾಠಗಳನ್ನು ಕೇಳಿದಳು. ನನ್ನ ಹೆಂಡತಿಯೇ ಉತ್ತರ ಕೊಡಲು ಹೋದಳು.

“ಹಲೋ? ಯಾರೂ ಮಾತಾಡ್ತಿಲ್ವಲ್ಲ?” ಎಂದಿತು ಆ ಕಡೆಯ ದನಿ.

ನಾನು ಫೋನ್ ತೆಗೆದುಕೊಂಡು ನಡೆದದ್ದನ್ನು ಹೇಳಿದೆ. ಹುಡುಗಿ ಹೇಳಿದಳು, “ಪರವಾಗಿಲ್ಲ ಸರ್. ಈಗ ಪುಸ್ತಕಾನ ಫೋನೇ ಓದತ್ತೆ. ಮೇಡಮ್ ಥರ ಅಲ್ಲ, ಆದ್ರೂ ಓದತ್ತೆ.”

ನನ್ನ ಹೆಂಡತಿ ಎದ್ದು ಒಣಗಿದ ಬಟ್ಟೆ ಮಡಿಸತೊಡಗಿದಳು.

ಅವಳ ದನಿ ಹೇಗಿತ್ತೆಂದು ನೆನೆಸಿಕೊಳ್ಳಲು ನೋಡುತ್ತೇನೆ. ಮದುವೆಯಾದ ಹೊಸತರಲ್ಲಿ ಆಡಿದ ಮಾತುಗಳು, ಜಗಳದಲ್ಲಿ ಕೂಗಿದ್ದು, ಎಲ್ಲ ನೆನಪಿಗೆ ಬರುತ್ತವೆ. ಎಲ್ಲವೂ ಪಿಸುಮಾತಿನಲ್ಲೇ ಬರುತ್ತವೆ.