ಏನು ಕಳೆದಿತ್ತೆಂದು ಅಕ್ಕ ಕೇಳಿದಳು

ಎಂಬತ್ತರ ದಶಕದ ಶುರುವಿನಲ್ಲಿ ಜರ್ಮನಿಯ ಈ ಪ್ರಯೋಗಶಾಲೆಗೆ ಕಾಲಿಟ್ಟ ದಿನವೇ ನನ್ನ ಬಳೆ ತೆಗೆಸಿದರು. ಲೇಸರ್ ಬೆಳಕು ಬಳೆಗೆ ತಾಗಿ ಚಿಮ್ಮಿದರೆ ಯಾರದಾದರೂ ಕಣ್ಣು ಹೋಗುತ್ತದಂತೆ. ಹೊರಡುವಾಗ ಅಕ್ಕ ಮಧುಗಿರಿಗೆ ಕರೆದೊಯ್ದು ತೊಡಿಸಿದ್ದ ಬಳೆಗಳು. ಜೊತೆಯಲ್ಲಿ ಕೆಲಸ ಮಾಡಬೇಕಿದ್ದ ಇಲೋನಾ ಡಬ್ಬಿಯೊಂದನ್ನು ಮುಂದೆ ಹಿಡಿದು 'ಶ್ಮುಕ್' ಅಂದಳು. ಹಾಗೆಂದರೆ ಒಡವೆ. ನಾನು ಕಲಿತ ಮೊದಲ ಜರ್ಮನ್ ಪದ ಅದು. ಬರಿಗೈ ನೋಡಿಕೊಳ್ಳಲಾಗದೆ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಸೇರಿಸಿದೆ.

ಕೊಡಿಗೇನಹಳ್ಳಿಯಲ್ಲಿ ನಮ್ಮದು ಕುರಿ ಸಾಕುವ ಮನೆ. ಅವ್ವ ತೀರಿಕೊಂಡ ಮೇಲೆ ಅಕ್ಕನೇ ಕುರಿ ನೋಡಿಕೊಂಡು ನನ್ನನ್ನು ಎಂ.ಎಸ್ಸಿ.ವರೆಗೆ ಓದಿಸಿದಳು. ಅಲ್ಲಿ ಬಾಗಿಲು ತೆಗೆದರೆ ಸಾಕು, ಯಾರಾದರೂ ಊಟ ಆಯ್ತಾ ಎಂದು ಕೇಳುತ್ತಿದ್ದರು. ಇಲ್ಲಿ ಮಹಡಿ ಮೇಲಿನ ಬಾಡಿಗೆ ಕೋಣೆಯಲ್ಲಿ ಭಾನುವಾರವಿಡೀ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಒಗ್ಗರಣೆ ಹಾಕಿದರೆ ಮನೆಯೊಡತಿ ಬಂದು ಕಿಟಕಿ ತೆರೆಯುತ್ತಿದ್ದಳು. ಕಪ್ಪು ಬ್ರೆಡ್ಡು ಮುದ್ದೆಯ ಬಣ್ಣಕ್ಕಿದೆಯೆಂದು ಆಸೆಪಟ್ಟು ತಂದೆ, ಬರೀ ಹುಳಿ.

ಕೆಲಸವೂ ಕತ್ತಲೆಯಲ್ಲೇ. ಅರೆವಾಹಕದ ಹರಳಿಗೆ ಬೆಳಕು ಬಿದ್ದರೆ ಎಲೆಕ್ಟ್ರಾನ್ ತನ್ನ ಜಾಗ ಬಿಟ್ಟೇಳುತ್ತದೆ. ಆ ಖಾಲಿ ಜಾಗ ಅದನ್ನು ಸೆಳೆಯುತ್ತಲೇ ಇರುತ್ತದೆ. ಈ ಜೋಡಿಯ ಹೆಸರು ಎಕ್ಸೈಟಾನ್. ಬೆಳಕಿನ ಮೊದಲ ಮಿಡಿತ ಇಂಥ ಜೋಡಿಗಳನ್ನೆಲ್ಲ ಒಂದೇ ಲಯದಲ್ಲಿ ಎಬ್ಬಿಸುತ್ತದೆ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಆ ಲಯ ತಪ್ಪುತ್ತದೆ. ಅಷ್ಟರೊಳಗೆ ಎರಡನೆಯ ಮಿಡಿತ ತಲುಪಿದರೆ, ಅವೆರಡೂ ಹೋಗದ ಬೇರೊಂದು ದಿಕ್ಕಿಗೆ ಮಂದ ಬೆಳಕು ಹೊರಡಬೇಕು. ಚಳಿಗಾಲವಿಡೀ ನಾವಿಬ್ಬರೂ ಕನ್ನಡಿ ಸರಿಸಿದೆವು. ಬರಲಿಲ್ಲ. ಬಾರದಿದ್ದರೆ ನನ್ನನ್ನು ಇಲ್ಲಿಗೆ ಕರೆತಂದ ಫೆಲೋಶಿಪ್ ಮುಂದುವರಿಯುವುದಿಲ್ಲವೆಂದು ಪ್ರೊಫೆಸರು ಹೇಳಿದ್ದರು.

ಒಂದು ಬೆಳಗ್ಗೆ ಬಂತು. "ಬಂತು ಕಣೇ," ಎಂದು ಕನ್ನಡದಲ್ಲೇ ಅಂದುಬಿಟ್ಟೆ. ಕಮ್ಯುನಿಸ್ಟ್ ಹಂಗೇರಿಯಿಂದ ತಪ್ಪಿಸಿಕೊಂಡು ಬಂದಿದ್ದ, ಮರಳಿ ಹೋಗಲಾಗದ ಇಲೋನಾ ತನ್ನ ಭಾಷೆಯಲ್ಲಿ ಏನೋ ಹೇಳುತ್ತ ನನ್ನನ್ನು ಅಪ್ಪಿಕೊಂಡಳು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಲಿಲ್ಲ.

ಅಕ್ಕನಿಗೆ ಹೇಳಲೇಬೇಕೆನಿಸಿತು. ನಮ್ಮೂರ ಅಂಚೆ ಕಚೇರಿಗೆ ಟ್ರಂಕ್ ಕಾಲ್ ಹಾಕಿದೆ. ಪೋಸ್ಟ್ ಮಾಸ್ಟರು ಹೇಳಿ ಕಳಿಸಿ ಅವಳನ್ನು ಕರೆಸಿದರು.

"ಅಕ್ಕಾ, ಸಿಕ್ತು."

"ಏನಮ್ಮಿ, ಏನ್ ಕಳ್ಕಂಡಿದ್ದೆ?"

ಬೆಳಕು ಎಂದೆ.

"ಸಿಕ್ತಲ್ಲ, ಅಂಗಾರೆ ಮನೆಗೆ ಬಂದ್ಬುಡು."

ಆ ಬೆಳಕು ಬಂದದ್ದರಿಂದಲೇ ನಾನು ಇಲ್ಲಿ ಉಳಿಯುವಂತಾಗಿತ್ತು. ಅದನ್ನು ಅವಳಿಗೆ ಹೇಳಲಿಲ್ಲ.

"ಬರ್ತೀನಿ ಕಣಕ್ಕ," ಅಂದೆ.

ನಮ್ಮ ಕಡೆ ಹೊರಟು ನಿಂತವರೂ ಹಾಗೆಯೇ ಹೇಳುತ್ತಾರೆ. ಊರಿಗೆ ಬರುತ್ತೇನೆ ಅಂದೆನೋ, ಹೊರಟೆ ಅಂದೆನೋ, ಅಕ್ಕ ಕೇಳಲಿಲ್ಲ.