ಅಕ್ಕ ಹೂಂ ಅನ್ನಲಿಲ್ಲ

ನಾನು ಚಿಕ್ಕವನಿದ್ದಾಗ ಸಿಟ್ಟು ಬಂದರೆ ನನ್ನ ಕಿವಿ ಕೆಂಪಗಾಗುತ್ತಿದ್ದವು. ಈಗ ಮುತ್ಯಾ ಆಗಿದ್ದೇನೆ, ತಲೆ ಬೆಳ್ಳಗಾಗಿದೆ, ಕಿವಿ ಮಾತ್ರ ಹಾಗೇ ಇವೆ. ನಿನ್ನೆ ಸಂಜೆ ಮೊಮ್ಮಗಳು ಅವನ್ನೇ ನೋಡಿ ಕಿಸಿಕಿಸಿ ನಕ್ಕಳು. ನಾನು ಅವಳ ಪುಸ್ತಕವನ್ನು ಪಟ್ಟನೆ ಮುಚ್ಚಿ ದನಿ ಏರಿಸಿದಾಗ ನಗು ನಿಂತಿತು. ಪಾಪ, ಅವಳ ತಪ್ಪೇನೂ ಇರಲಿಲ್ಲ. ಅದಕ್ಕೇ ಅವಳಿಗೆ ಎಲ್ಲ ಹೇಳಿದೆ. ನಿಮಗೂ ಹೇಳುತ್ತೇನೆ ಕೇಳಿ.

ಪುಸ್ತಕವೇನೋ ಚೆಂದವಿತ್ತು. ಆಳಂದದ ಶಾಲೆಯಿಂದ ಓದಲು ತಂದಿದ್ದಳು. ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್, ಪುಟದ ತುಂಬ ಬಣ್ಣದ ಚಿತ್ರ. ಹೊಳೆಯಾಚೆಯ ಹುಲ್ಲು ನೋಡಬೇಕೆಂದು ಹಟ ಹಿಡಿದ ಒಂದು ಕೆಂಪು ಕರು. ಬೇಡವೆಂದ ತಾಯಿ. ಮಾತು ಕೇಳದೆ ನೀರಿಗಿಳಿದ ಕರು, ಬಾಯಿ ತೆರೆದು ಕಾದಿದ್ದ ಮೊಸಳೆ. ಕೊನೆಯ ಪುಟದಲ್ಲಿ, ಹಸಿರು ಚೌಕಟ್ಟಿನೊಳಗೆ ನೀತಿ: ದೊಡ್ಡವರು ಹೇಳಿದಂತೆ ಕೇಳುವ ಮಕ್ಕಳೇ ಜಾಣರು. ಅಷ್ಟು ಓದಿದ್ದೇ ತಡ, ನನಗೆ ಮೈಯೆಲ್ಲ ಉರಿಯಿತು. ಆ ಕರು ನನಗೆ ಹೊಸದಲ್ಲ.

ನಮ್ಮ ಊರು ಸೊನ್ನದ ಹತ್ತಿರ, ಭೀಮಾ ಹೊಳೆಯ ದಂಡೆಗೆ. ಮನೆಯಲ್ಲಿ ಕಥೆ ಹೇಳುವವಳು ಆಯಿ, ಅಂದರೆ ಅಪ್ಪನ ಅವ್ವ. ಅವಳ ಕಥೆಗೊಂದು ಕಟ್ಟಳೆ ಇತ್ತು. ಒಂದು ಮಾತು ಹೇಳಿ ಅವಳು ನಿಲ್ಲುವಳು. ಕೇಳುವವರು "ಹೂಂ" ಅನ್ನಬೇಕು, ಆಗಲೇ ಮುಂದಿನ ಮಾತು. ಅನ್ನದಿದ್ದರೆ ಕುದುರೆ ಹತ್ತಿದ ರಾಜ ಕುದುರೆಯ ಮೇಲೇ, ಗೋಡೆ ಹತ್ತಿದ ಕಳ್ಳ ಗೋಡೆಯ ಮೇಲೇ ಉಳಿಯುತ್ತಿದ್ದರು. ಪಕ್ಕದ ಮನೆಯ ಅಜ್ಜಿ, ನಾವೆಲ್ಲ ದಾದಿ ಅನ್ನುತ್ತಿದ್ದವಳು, ಉರ್ದು, ಕನ್ನಡ ಎರಡೂ ಬೆರೆಸಿ ಕಥೆ ಹೇಳುತ್ತಿದ್ದಳು. ಅವಳಿಗೂ ಹೂಂ ಬೇಕೇ ಬೇಕಿತ್ತು.

ಅಕ್ಕ ಆ ವರ್ಷ ಅಫಜಲಪುರದ ಹೈಸ್ಕೂಲಿಗೆ ಸೇರಿದ್ದಳು. ಬೆಳಿಗ್ಗೆ ಎರಡು ಜಡೆ ಹಾಕಿಕೊಂಡು, ಬುತ್ತಿ ಕಟ್ಟಿಕೊಂಡು, ಬಸ್ಸು ಬರುವ ಮೊದಲೇ ಹೋಗಿ ಬೇವಿನ ಗಿಡದ ಕೆಳಗೆ ನಿಲ್ಲುತ್ತಿದ್ದಳು. ಅವಳಿಗೆ ಶಾಲೆ ಅಂದರೆ ಜೀವ. ನಮ್ಮ ಊರಿನಿಂದ ಆ ಬಸ್ಸು ಹತ್ತುವ ಹುಡುಗಿ ಅವಳೊಬ್ಬಳೇ. ಕಟ್ಟೆಯ ಮೇಲೆ ಕೂತ ಯಾರೋ ಕೆಲಸವಿಲ್ಲದವರು ಅದನ್ನೇ ಅಪ್ಪನ ಕಿವಿಗೆ ಹಾಕಿದರು. ಅಪ್ಪನಿಗೆ ಅದು ಕೊರೆಯತೊಡಗಿತು.

ಹಸಿ ತೊಗರಿ ಕಾಯಿಯ ದಿನಗಳು ಅವು. ಒಂದು ರವಿವಾರ ಅಪ್ಪ ಹೊಲದಿಂದ ಒಂದು ಹೊರೆ ತೊಗರಿ ಗಿಡ ತಂದು ಅಂಗಳದಲ್ಲಿ ಹಾಕಿದ. ಆಮೇಲೆ ಆಯಿಯ ಹತ್ತಿರ ಕೂತು ಮೆಲ್ಲಗೆ ಹೇಳಿದ, "ಅವ್ವಾ, ಸಂಜೀಕ ಆ ಕೆಂಪು ಕರದ ಕಥಿ ಹೇಳು. ಆಕಿ ಮನಸು ತಿರಗಲಿ. ನಾಳಿಂದ ಸಾಲಿ ಬಿಡಸ್ತೇನಿ." ಒಳಗೆ ಹಿಟ್ಟು ಸಾಣಿಸುತ್ತಿದ್ದ ಅಕ್ಕನ ಕೈ ಗಕ್ಕನೆ ನಿಂತಿತು. ನಾನು ಅವಳ ಪಕ್ಕದಲ್ಲೇ ಇದ್ದೆ. ಇಬ್ಬರಿಗೂ ಎಲ್ಲ ಕೇಳಿಸಿತ್ತು.

ಹೊತ್ತು ಮುಳುಗುವಾಗ ಅವ್ವ ಉಪ್ಪು ಹಾಕಿ ಕುದಿಸಿದ ಕಾಯಿಯನ್ನು ಬುಟ್ಟಿಗೆ ಸುರಿದಳು. ಅಂಗಳದ ತುಂಬ ಹಬೆ, ಹಸಿ ಹಸಿ ವಾಸನೆ. ಸುತ್ತಲೂ ಕೂತು ಸುಲಿದು ತಿನ್ನತೊಡಗಿದೆವು. ಅಪ್ಪ ಆಯಿಗೆ ಕಣ್ಣಲ್ಲೇ ಸನ್ನೆ ಮಾಡಿದ.

"ಒಂದೂರಾಗ ಒಂದು ಕೆಂಪು ಕರ ಇತ್ತು," ಎಂದಳು ಆಯಿ. ರೂಢಿಯ ಬಲದಿಂದ ನಾನು ಹೂಂ ಅಂದುಬಿಟ್ಟೆ. "ಅದಕ್ಕ ಹೊಳಿ ಆಚಿ ಹುಲ್ಲು ನೋಡೋ ಹುಚ್ಚು ಹಿಡೀತು." ಮತ್ತೆ ನಾನು ಹೂಂ ಅಂದೆ. ಅಕ್ಕ ಅನ್ನಲಿಲ್ಲ. "ಅವ್ವ ಬ್ಯಾಡಂದ್ರೂ ಹೋಗಿ ಒಂದು ಕಾಲು ನೀರಾಗ ಇಟ್ಟಿತು."

ಅಕ್ಕನ ಕಡೆ ನೋಡಿದೆ. ಅವಳು ತುಟಿ ಬಿಗಿಹಿಡಿದು, ತಲೆ ಬಗ್ಗಿಸಿ ಕಾಯಿ ಸುಲಿಯುತ್ತಿದ್ದಳು. ಆಗ ನನಗೆ ಗೊತ್ತಾಯಿತು. ನಾನೂ ಬಾಯಿ ಮುಚ್ಚಿದೆ. ಕಿವಿ ಕಾದು ಹೋದವು.

"ಹೂಂ ಅನ್ನಬೇ!" ಅಪ್ಪ ಅಕ್ಕನನ್ನು ಗದರಿದ. ಅವಳು ಸುಲಿಯುತ್ತಲೇ ಇದ್ದಳು. "ನೀನರ ಅನ್ನಲೇ!" ಎಂದು ನನ್ನ ಕಡೆ ತಿರುಗಿದ. ನಾನು ಗಬಕ್ಕನೆ ಒಂದು ಹಿಡಿ ತೊಗರಿ ಕಾಳನ್ನು ಬಾಯಿಗೆ ತುಂಬಿಕೊಂಡೆ. ಅಯ್ಯಯ್ಯೋ, ಕುದಿ ಕುದಿ ಬಿಸಿ! ನಾಲಗೆ ಸುಟ್ಟು ಕಣ್ಣಲ್ಲಿ ನೀರು ಬಂತು. ಆದರೂ ಉಗುಳಲಿಲ್ಲ. ಅವ್ವ ನನ್ನ ಉಬ್ಬಿದ ಗಲ್ಲ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಹೋಗ್ಲಿ, ನಾನೇ ಅಂತೇನಿ. ಹೂಂ! ಹೇಳವ್ವಾ ಮುಂದ," ಎಂದ ಅಪ್ಪ.

ಆಯಿ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದಳು. "ನಿನಗ ಈ ಕಥಿ ಗೊತ್ತದಲ್ಲಪಾ. ಕೇಳಬೇಕಾದಾಕಿ ಬ್ಯಾಡಂದ ಮ್ಯಾಲ ನಾ ಯಾರಿಗೆ ಹೇಳ್ಲಿ? ಆಕಿಗಿ ಏನ್ ಹೇಳೋದದ, ಕರ ಮೊಸಳಿ ಎಲ್ಲಾ ಬಿಟ್ಟು ನೀನೇ ಹೇಳು. ಇಲ್ಲೇ ಕುಂತಾಳ ನೋಡು."

ಅಕ್ಕ ಆಗ ತಲೆ ಎತ್ತಿದಳು. ಅಪ್ಪನ ಮುಖವನ್ನೇ ನೋಡಿದಳು. ಶಾಲೆ ಬಿಡು ಅನ್ನುವ ಎರಡೇ ಮಾತು ಅವನ ಬಾಯಿಂದ ಬರಲಿಲ್ಲ. ಮಡಿಲಲ್ಲಿದ್ದ ಕಾಯಿಯನ್ನೆಲ್ಲ ಬುಟ್ಟಿಗೆ ಎಸೆದು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದ. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ ನೋಡಿ. ಮಗಳ ಮುಖ ನೋಡಿ ಹೇಳಲು ಧೈರ್ಯವಿಲ್ಲದ ಮಾತನ್ನು ನಮ್ಮ ಪ್ರೀತಿಯ ಆಯಿಯ ಬಾಯಿಂದ, ನಮ್ಮ ಪ್ರೀತಿಯ ಕಥೆಯೊಳಗೆ ಮುಚ್ಚಿಟ್ಟು ತಿನ್ನಿಸಲು ಹೊರಟಿದ್ದನಲ್ಲ! ನೇರವಾಗಿ ಬೈದಿದ್ದರೂ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಮರುದಿನ ಅಕ್ಕ ಎರಡು ಜಡೆ ಹಾಕಿಕೊಂಡಳು, ಬುತ್ತಿ ಕಟ್ಟಿಕೊಂಡಳು, ಬಸ್ಸಿಗೆ ಹೋದಳು. ಬಾಗಿಲಲ್ಲಿ ಬೇವಿನ ಕಡ್ಡಿ ಜಗಿಯುತ್ತಿದ್ದ ಅಪ್ಪ ಮುಖ ಆ ಕಡೆ ತಿರುಗಿಸಿದ. ತೊಗರಿ ರಾಶಿ ಮುಗಿಯುವವರೆಗೂ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಅಕ್ಕ ಮೆಟ್ರಿಕ್ ಮುಗಿಸಿದಳು. ಅದರಾಚೆ ಓದಿಸಲಿಲ್ಲ, ಆ ಸಿಟ್ಟು ಬೇರೆ ಇದೆ. ಈಗ ಜೇವರ್ಗಿಯಲ್ಲಿದ್ದಾಳೆ. ಮೊಮ್ಮಗಳು 'ಜೇವರ್ಗಿ ಆಯಿ' ಎಂದು ಕರೆಯುವುದು ಅವಳನ್ನೇ.

ನಮಗೆ ಬಣ್ಣದ ಮೊಸಳೆ ಇರಲಿಲ್ಲ, ನುಣುಪು ಕಾಗದ ಇರಲಿಲ್ಲ. ಮೊಮ್ಮಗಳಿಗೆ ಎರಡು ಭಾಷೆಯಲ್ಲಿ ಕಥೆ ಓದುವ ಭಾಗ್ಯ ಬಂದಿದೆ, ಬರಲಿ. ಅವಳ ಶಾಲೆ ಬಿಡಿಸುವ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ, ಅದೂ ದೊಡ್ಡದೇ. ಆದರೆ ಅವಳ ಪುಸ್ತಕ ಯಾರ ಹೂಂಗೂ ಕಾಯುವುದಿಲ್ಲ. ಒಪ್ಪಿದರೂ, ಒಪ್ಪದಿದ್ದರೂ, ಪುಟ ತಿರುವಿದರೆ ಮೊಸಳೆ ಬಂದೇ ಬರುತ್ತದೆ.

ಇಷ್ಟನ್ನೂ ಹೇಳಿ, ನಿನ್ನೆ ಆ ಪುಸ್ತಕವನ್ನು ಮತ್ತೆ ತೆರೆದೆ. ಈ ಸಲ ಆಯಿಯ ಹಾಗೆ ಒಂದೊಂದು ಮಾತಿಗೂ ನಿಂತು ನಿಂತು ಓದಿದೆ. ಮೊಮ್ಮಗಳು ಹೂಂ, ಹೂಂ ಅನ್ನುತ್ತ ಬಂದಳು. ಕರು ಹೊಳೆಗೆ ಕಾಲಿಟ್ಟ ಪುಟ ಬಂತು. ನಾನು ನಿಂತೆ. ಅವಳು ಎರಡೂ ಅಂಗೈಯನ್ನು ಪುಟದ ಮೇಲೆ ಒತ್ತಿ ಇಟ್ಟು, ತುಟಿ ಬಿಗಿಹಿಡಿದು ನನ್ನನ್ನೇ ನೋಡಿದಳು. ಅವಳ ಕಿವಿ ಕೆಂಪಗಾಗಿದ್ದವು.